ತುಕಾರಾಮರ ಸೇತುವೆ ದಾಟಿದ ಕೀರ್ತನಕಾರ
ಮರಾಠಿ ಮಣ್ಣಿನಲ್ಲಿ ಕ್ರಿಸ್ತನನ್ನು ಹಾಡಿದ ರೆವರೆಂಡ್ ನಾರಾಯಣ ವಾಮನ ತಿಲಕರ ಬದುಕಿನಲ್ಲಿ ಹೊರನಾಡ ಕನ್ನಡಿಗರಿಗೂ ಒಂದು ಪಾಠ

ಪುಣೆ: ಸದಾಶಿವ ಪೇಠ ಎಂದರೆ ಸಾಕು, ಈ ಊರಿನಲ್ಲಿ ನಾಲ್ಕು ವರ್ಷ ಕಳೆದ ಯಾವ ಕನ್ನಡಿಗನ ಮುಖದಲ್ಲೂ ಒಂದು ಸಣ್ಣ ನಗೆ ಮೂಡುತ್ತದೆ. ಹಳೆಯ ವಾಡೆಗಳು, ಬಾಗಿಲ ಮೇಲಿನ ಖಡಕ್ ಫಲಕಗಳು, ಮಧ್ಯಾಹ್ನ ಒಂದಕ್ಕೆ ಕದ ಹಾಕಿದರೆ ನಾಲ್ಕಕ್ಕೇ ತೆರೆಯುವ ಅಂಗಡಿಗಳು, ಶುದ್ಧ ಮರಾಠಿ ಬಾರದವನನ್ನು ತಿದ್ದದೆ ಬಿಡದ ಹಿರಿಯರು. 1761ರಲ್ಲಿ ಪಾಣಿಪತದಲ್ಲಿ ಮಡಿದ ಸದಾಶಿವರಾವ್ ಭಾವೂ ಅವರ ಹೆಸರನ್ನು ಹೊತ್ತ ಪೇಠೆ ಇದು. ಮಹಾರಾಷ್ಟ್ರ ಸಾಹಿತ್ಯ ಪರಿಷತ್ತು ಇಲ್ಲಿದೆ, ಭರತ ನಾಟ್ಯ ಮಂದಿರ ಇಲ್ಲಿದೆ. ಹರಿಕೀರ್ತನೋತ್ತೇಜಕ ಸಭೆಯ ನಾರದ ಮಂದಿರವೂ ಇಲ್ಲೇ ಇದೆ.

ನಾರದ ಮಂದಿರದ ಹೆಸರು ಕೇಳದ ಕೀರ್ತನ ಪ್ರೇಮಿ ಪುಣೆಯಲ್ಲಿ ಸಿಗುವುದು ಕಷ್ಟ. ಕೊರಳಲ್ಲಿ ಹೂಮಾಲೆ, ಹೆಗಲ ಮೇಲೆ ಉಪರಣೆ, ಹಿಂದೆ ಹಾರ್ಮೋನಿಯಂ ಮತ್ತು ತಬಲಾ, ಕೈಯಲ್ಲಿ ಚಿಪಳಿ. ಕೀರ್ತನಕಾರ ನಿಂತುಕೊಂಡು ಹಾಡುತ್ತಾನೆ, ಮಾತಾಡುತ್ತಾನೆ, ನಗಿಸುತ್ತಾನೆ, ಕೊನೆಗೆ ಕಣ್ಣಲ್ಲಿ ನೀರು ತರಿಸುತ್ತಾನೆ. ಮೊದಲ ಭಾಗ ಪೂರ್ವರಂಗ. ಅದರಲ್ಲಿ ಒಂದು ಅಭಂಗವನ್ನೋ ಪದವನ್ನೋ ಹಿಡಿದು ತತ್ತ್ವ ವಿಚಾರ ನಡೆಯುತ್ತದೆ. ಎರಡನೆಯದು ಉತ್ತರರಂಗ, ಅಂದರೆ ಆಖ್ಯಾನ, ಕಥೆ. ನಮ್ಮ ಕಡೆಯ ಹರಿಕಥೆ ಕೇಳಿ ಬೆಳೆದವರಿಗೆ ಇದು ಪರಕೀಯ ಎನಿಸುವುದೇ ಇಲ್ಲ. ಭಾಷೆ ಪೂರ್ತಿ ತಿಳಿಯದಿದ್ದರೂ ತಾಳ ತಿಳಿಯುತ್ತದೆ, ಭಾವ ತಿಳಿಯುತ್ತದೆ.

ಇದೇ ಕೀರ್ತನವನ್ನು, ಇದೇ ಅಭಂಗ-ಓವಿಗಳನ್ನು ಕ್ರಿಸ್ತನ ಕಥೆ ಹೇಳಲು ಬಳಸಿದ ಒಬ್ಬ ಚಿತ್ಪಾವನ ಬ್ರಾಹ್ಮಣ ಇದ್ದರು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಅವರೇ ರೆವರೆಂಡ್ ನಾರಾಯಣ ವಾಮನ ತಿಲಕ (1861-1919). ಮರಾಠಿ ಶಾಲಾ ಪುಸ್ತಕಗಳಲ್ಲಿ ಅವರು ಹೂವು ಮತ್ತು ಮಕ್ಕಳ ಕವಿ. ಮರಾಠಿ ಚರ್ಚುಗಳಲ್ಲಿ ಅವರ ಹಾಡುಗಳು ಇಂದಿಗೂ ಆರಾಧನೆಯ ಜೀವಾಳ. ಹಾಡಿದವನ ಬದುಕು ಹಾಡಿನಷ್ಟೇ ಮಾತಾಡುತ್ತದೆ ಎಂಬುದಕ್ಕೆ ಇವರಿಗಿಂತ ಒಳ್ಳೆಯ ಉದಾಹರಣೆ ಈ ನೆಲದಲ್ಲಿ ಸಿಗಲಿಕ್ಕಿಲ್ಲ.

ಚಹಾ ಕುಡಿದದ್ದೂ ಅಪರಾಧವಾದ ಕಾಲ

ತಿಲಕರು ಎಷ್ಟು ದೊಡ್ಡ ಹೆಜ್ಜೆ ಇಟ್ಟರು ಎಂದು ಅರಿಯಬೇಕಾದರೆ ಅಂದಿನ ಪುಣೆಯನ್ನು ಒಮ್ಮೆ ನೆನೆಯಬೇಕು. 1890ರ ಅಕ್ಟೋಬರಿನಲ್ಲಿ ಇಲ್ಲಿನ ಪಂಚಹೌದ ಮಿಷನ್ನಿನಲ್ಲಿ ಒಂದು ಸಭೆ ನಡೆಯಿತು. ಊರಿನ ಗಣ್ಯರು ಹೋಗಿದ್ದರು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಇದ್ದರು, ಲೋಕಮಾನ್ಯ ಬಾಲ ಗಂಗಾಧರ ತಿಲಕರೂ ಇದ್ದರು. ಸಭೆಯ ಕೊನೆಗೆ ಚಹಾ, ಬಿಸ್ಕತ್ತು ಬಂತು. ಕೆಲವರು ಕುಡಿದರು, ಕೆಲವರು ಮರ್ಯಾದೆಗೆ ಕಪ್ಪನ್ನು ಮುಟ್ಟಿ ಇಟ್ಟರು. ಹೋದವರ ಹೆಸರುಗಳು ಪತ್ರಿಕೆಯಲ್ಲಿ ಅಚ್ಚಾದವು. ಪೇಠೆಗಳಲ್ಲಿ ಬೆಂಕಿ ಬಿದ್ದಂತಾಯಿತು. ದೂರು ಶಂಕರಾಚಾರ್ಯರ ಪೀಠದವರೆಗೂ ಹೋಯಿತು. ಬಹಿಷ್ಕಾರದ ಮಾತು ಬಂತು. ರಾನಡೆಯವರಂಥ ಹೈಕೋರ್ಟ್ ಮಟ್ಟದ ವ್ಯಕ್ತಿಯೇ ಕೊನೆಗೆ ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕಾಯಿತು.

ಪಾದ್ರಿಯ ಮನೆಯ ಒಂದು ಕಪ್ ಚಹಾಕ್ಕೆ ಇಷ್ಟು ಬೆಲೆ ತೆರಬೇಕಾದ ಸಮಾಜದಲ್ಲಿ, ಅದಾಗಿ ಐದು ವರ್ಷ ತುಂಬುವ ಮೊದಲೇ, ಅದೇ ಚಿತ್ಪಾವನ ಸಮುದಾಯದ, ಅದೇ ತಿಲಕ ಎಂಬ ಮನೆತನದ ಹೆಸರಿನ ಒಬ್ಬ ಸಂಸ್ಕೃತ ಪಂಡಿತರು ದೀಕ್ಷಾಸ್ನಾನವನ್ನೇ ಪಡೆದುಬಿಟ್ಟರು. ಜನ ಹೇಗೆ ತಲ್ಲಣಿಸಿರಬೇಕು, ಊಹಿಸಬಹುದು.

ರೈಲಿನಲ್ಲಿ ಸಿಕ್ಕ ಪುಸ್ತಕ

ನಾರಾಯಣರು ಹುಟ್ಟಿದ್ದು ರತ್ನಾಗಿರಿ ಜಿಲ್ಲೆಯ ಕರಜಗಾಂವದಲ್ಲಿ, 1861ರ ಡಿಸೆಂಬರ್ 6ರಂದು. ತಾಯಿ ಜಾನಕಿಬಾಯಿಗೆ ಹಾಡು, ಕವಿತೆ ಎಂದರೆ ಪ್ರಾಣ. ಆ ತಾಯಿಯನ್ನು ಅವರು ಹನ್ನೊಂದನೆಯ ವಯಸ್ಸಿನಲ್ಲೇ ಕಳೆದುಕೊಂಡರು. ತಂದೆಯದು ಬಿಗಿ ಸ್ವಭಾವ. ಹುಡುಗ ಮನೆ ಬಿಟ್ಟು ನಾಸಿಕ ಸೇರಿದ. ಅಲ್ಲಿ ಗಣೇಶಶಾಸ್ತ್ರಿ ಲೇಲೆ ಅವರ ಬಳಿ ಸಂಸ್ಕೃತ ಕಲಿತ. ಮುಂದೆ ಒಂದೆಡೆ ನೆಲೆ ನಿಂತವರಲ್ಲ. ಇಂದು ಒಂದೂರಿನಲ್ಲಿ ಮಾಸ್ತರಿಕೆ, ನಾಳೆ ಇನ್ನೊಂದೂರು. ನಾಗಪುರದಲ್ಲಿ ಒಬ್ಬ ಶ್ರೀಮಂತರ ಆಶ್ರಯದಲ್ಲಿ ಸಂಸ್ಕೃತ ಗ್ರಂಥಗಳ ಕೆಲಸ ಮಾಡಿದರು, 'ಋಷಿ' ಎಂಬ ಪತ್ರಿಕೆ ನಡೆಸಿದರು. ಧರ್ಮದ ಹುಡುಕಾಟ ಮಾತ್ರ ನಿಲ್ಲಲಿಲ್ಲ. ಜಾತಿಯ ಕಟ್ಟು ಇರದ, ದೇಶವನ್ನು ಎತ್ತಿ ನಿಲ್ಲಿಸುವ ಧರ್ಮ ಯಾವುದು ಎಂಬುದು ಅವರ ಪ್ರಶ್ನೆಯಾಗಿತ್ತು.

1893ರಲ್ಲಿ ನಾಗಪುರದಿಂದ ರಾಜನಾಂದಗಾಂವಕ್ಕೆ ರೈಲಿನಲ್ಲಿ ಹೊರಟಿದ್ದಾಗ ಡಬ್ಬಿಯಲ್ಲಿ ಒಬ್ಬ ಬಿಳಿಯ ಪ್ರಯಾಣಿಕ ಜೊತೆಯಾದ. ಮಾತು ಕವಿತೆಯಿಂದ ಧರ್ಮಕ್ಕೆ ತಿರುಗಿತು. ಇಳಿಯುವ ಮೊದಲು ಆತ ಹೊಸ ಒಡಂಬಡಿಕೆಯ ಒಂದು ಪ್ರತಿಯನ್ನು ಕೈಗಿಟ್ಟು, ಎರಡು ವರ್ಷದೊಳಗೆ ನೀವು ಕ್ರೈಸ್ತರಾಗುವಿರಿ ಎಂದನಂತೆ. ಆತ ಯಾರೆಂದು ತಿಲಕರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಪುಸ್ತಕ ಓದುತ್ತಾ ಹೋದ ತಿಲಕರನ್ನು ಹಿಡಿದು ನಿಲ್ಲಿಸಿದ್ದು ಯೇಸುವಿನ ಪರ್ವತ ಪ್ರಸಂಗ. ಆತ ಹೇಳಿದ ಗಡುವು ಮೀರಲಿಲ್ಲ. 1895ರ ಫೆಬ್ರವರಿ 10ರಂದು ಮುಂಬೈಯಲ್ಲಿ ಅವರ ದೀಕ್ಷಾಸ್ನಾನವಾಯಿತು. ಅದು ಭಾರತೀಯ ಪಾದ್ರಿಯ ಕೈಯಿಂದಲೇ ಆಗಬೇಕು ಎಂದು ಅವರು ಹಠ ಹಿಡಿದಿದ್ದರು. ದೇವರನ್ನು ಬದಲಿಸಿದರೂ ದೇಶವನ್ನು ಬದಲಿಸುವವರಲ್ಲ ಅವರು.

ತಾವು ಕ್ರಿಸ್ತನ ಬಳಿ ಬಂದದ್ದು ತುಕಾರಾಮರೆಂಬ ಸೇತುವೆಯ ಮೇಲಿಂದ ಎಂದು ಅವರು ಹೇಳುತ್ತಿದ್ದರು. ಪುಣೆಯ ಜನರಿಗೆ ಈ ಮಾತಿನ ತೂಕ ವಿವರಿಸಬೇಕಿಲ್ಲ. ತುಕೋಬಾರ ದೇಹು ಇಲ್ಲೇ ಪಕ್ಕದಲ್ಲಿದೆ. ಪ್ರತಿ ಆಷಾಢಕ್ಕೆ ದೇಹುವಿನಿಂದ ತುಕೋಬಾರ ಪಾಲಖಿ, ಆಳಂದಿಯಿಂದ ಜ್ಞಾನೋಬಾರ ಪಾಲಖಿ ಪುಣೆಗೆ ಬಂದು ತಂಗಿ ಪಂಢರಪುರದ ದಾರಿ ಹಿಡಿಯುತ್ತವೆ. ಮಳೆಯಲ್ಲಿ ತೊಯ್ಯುತ್ತಾ ಹಾಡುತ್ತಾ ನಡೆಯುವ ವಾರಕರಿಗಳಿಗೆ ಚಹಾ, ಬಾಳೆಹಣ್ಣು ಹಂಚುವವರಲ್ಲಿ ನಮ್ಮ ಕನ್ನಡಿಗರೂ ಇರುತ್ತಾರೆ. ಆ ಹಾಡಿನಲ್ಲಿರುವ ದೈನ್ಯ, ದೇವರೊಡನೆ ಜಗಳವಾಡುವ ಸಲಿಗೆ, ತನ್ನ ತಪ್ಪನ್ನು ಮುಚ್ಚಿಡದ ಪ್ರಾಮಾಣಿಕತೆ, ಇವೆಲ್ಲ ತಿಲಕರ ರಕ್ತದಲ್ಲಿ ಸೇರಿಹೋಗಿದ್ದವು. ಹೊಸ ನಂಬಿಕೆಗೆ ಬಂದ ಮೇಲೆ ಅವರು ಆ ಸೇತುವೆಯನ್ನು ಸುಡಲಿಲ್ಲ.

ಲಕ್ಷ್ಮೀಬಾಯಿಯವರ ಬೇರೆ ದಾರಿ

ಇಲ್ಲಿಯವರೆಗೆ ಕೇಳಿದರೆ ಇದು ಒಬ್ಬ ಧೀರ ಪುರುಷನ ಕಥೆ. ಆದರೆ ಮನೆಯೊಳಗೆ ಇನ್ನೊಂದು ಕಥೆ ಇತ್ತು. ಆ ಕಥೆಯನ್ನು ನಾವು ತಿಳಿದಿರುವುದು ಅವರ ಪತ್ನಿ ಲಕ್ಷ್ಮೀಬಾಯಿ ತಿಲಕರಿಂದ. 1930ರ ದಶಕದಲ್ಲಿ ಭಾಗ ಭಾಗವಾಗಿ ಪ್ರಕಟವಾದ ಅವರ ಆತ್ಮಕಥೆ 'ಸ್ಮೃತಿಚಿತ್ರೆ' ಮರಾಠಿಯ ಶ್ರೇಷ್ಠ ಗ್ರಂಥಗಳಲ್ಲಿ ಒಂದು. ಅಳುವ ಪ್ರಸಂಗವನ್ನೂ ನಗಿಸುತ್ತಾ ಹೇಳುವ ಶಕ್ತಿ ಅವರದು.

ನಾಸಿಕದ ಬಳಿಯ ಜಲಾಲಪುರದಲ್ಲಿ 1868ರಲ್ಲಿ ಹುಟ್ಟಿದ ಅವರಿಗೆ ಮದುವೆಯಾದಾಗ ಹನ್ನೊಂದು ವರ್ಷ. ತಂದೆಯ ಮನೆಯಲ್ಲಿ ಮಡಿಯ ಆರ್ಭಟ ಎಷ್ಟಿತ್ತೆಂದರೆ ಹೊರಗಿನಿಂದ ಬಂದ ದಿನಸಿಯನ್ನೂ ತೊಳೆದೇ ಒಳಗೆ ತರಬೇಕು. ಓದು-ಬರಹ ಕಲಿತದ್ದು ಮದುವೆಯಾದ ಮೇಲೆ, ಗಂಡನಿಂದ. ಆ ಗಂಡ ಕೈಗೆ ಬಂದ ಹಣವನ್ನು ಎದುರಿಗೆ ಬಂದ ಬಡವನಿಗೆ ಕೊಟ್ಟುಬಿಡುವವರು, ಹೇಳದೆ ಕೇಳದೆ ಊರು ಬಿಡುವವರು. ಹಾಗೆಯೇ ಒಂದು ದಿನ ಗಂಡ ಕ್ರೈಸ್ತನಾದ ಸುದ್ದಿಯೂ ಬಂತು. ಕಂಕುಳಲ್ಲಿ ನಾಲ್ಕು ವರ್ಷವೂ ತುಂಬದ ಮಗ ದತ್ತು. ಬಂಧುಗಳು ತಾಯಿ-ಮಗನನ್ನು ಪಂಢರಪುರಕ್ಕೆ ಕರೆದೊಯ್ದರು. ಗಂಡ ಬದುಕಿರುವಾಗಲೇ ವಿಧವೆಯಂತೆ ದಿನ ಕಳೆಯಬೇಕಾದ ಆ ಹೆಣ್ಣುಮಗಳ ಸಂಕಟವನ್ನು ಅವರ ಪುಸ್ತಕ ಓದಿಯೇ ತಿಳಿಯಬೇಕು.

ತಿಲಕರನ್ನು ಮೆಚ್ಚುವವರೂ ಇಲ್ಲಿ ಒಂದು ಮಾತನ್ನು ಒಪ್ಪಲೇಬೇಕು. ತಮ್ಮ ಆತ್ಮದ ಪ್ರಶ್ನೆಗೆ ಅವರು ಉತ್ತರ ಕಂಡುಕೊಂಡರು. ಆದರೆ ಆ ಉತ್ತರದ ಬೆಲೆಯ ದೊಡ್ಡ ಪಾಲನ್ನು ತೆತ್ತವರು ಹೆಂಡತಿ. ಸಂತರ ಕಥೆಗಳಲ್ಲಿ ಈ ಪಾಲನ್ನು ಯಾರೂ ಬರೆದಿಡುವುದಿಲ್ಲ. ಲಕ್ಷ್ಮೀಬಾಯಿ ಬರೆದಿಟ್ಟರು. ಕಹಿ ಇಲ್ಲದೆ, ಆದರೆ ಮುಚ್ಚುಮರೆಯೂ ಇಲ್ಲದೆ ಬರೆದಿಟ್ಟರು.

ನಾಲ್ಕೈದು ವರ್ಷಗಳ ಬಳಿಕ ಅವರು ಗಂಡನ ಬಳಿಗೆ ಹೋದರು. ಧರ್ಮ ಬದಲಿಸಲು ಹೋದದ್ದಲ್ಲ, ಸಂಸಾರ ಮಾಡಲು ಹೋದದ್ದು. ಅಹಮದ್‌ನಗರದಲ್ಲಿ, ಅಂದರೆ ಇಂದಿನ ಅಹಿಲ್ಯಾನಗರದಲ್ಲಿ, ಅವರ ಒಲೆ ಬೇರೆ, ನೀರು ಬೇರೆ. ಗಂಡ ಹಾಡುತ್ತಿದ್ದರು, ಬರೆಯುತ್ತಿದ್ದರು, ಆದರೆ ಹೆಂಡತಿಯ ಮಡಿಗೆ ಅಡ್ಡಿ ಮಾಡಲಿಲ್ಲ. ದಿನ ಕಳೆದಂತೆ ಲಕ್ಷ್ಮೀಬಾಯಿ ತಾವೇ ಯೋಚಿಸತೊಡಗಿದರು. ಜಾತಿ ದೇವರು ಮಾಡಿದ್ದೇ, ಮನುಷ್ಯ ಮಾಡಿದ್ದೇ? ಮನುಷ್ಯನೇ ಮಾಡಿದ್ದಾದರೆ ಅದಕ್ಕೆ ಹೆದರುವುದೇಕೆ? ಒಮ್ಮೆ ಉತ್ತರ ಸಿಕ್ಕ ಮೇಲೆ ಬೇರೆ ಜಾತಿಯವರ ಕೈಯ ನೀರು ಕುಡಿದರು. 1900ರಲ್ಲಿ ಅವರೂ ದೀಕ್ಷಾಸ್ನಾನ ಪಡೆದರು.

ತಿಲಕ ದಂಪತಿಯ ಬದುಕಿನಲ್ಲಿ ಅತ್ಯಂತ ದೊಡ್ಡ ಮಾತು ಇದೇ ಇರಬೇಕು. ಒಂದೇ ಮನೆ, ಒಂದೇ ಹಾಡು, ಆದರೂ ಗಂಡನ ನಂಬಿಕೆ ಹೆಂಡತಿಗೆ ವರ್ಗಾವಣೆ ಆಗಲಿಲ್ಲ. ಪಾಸ್‌ಬುಕ್ಕಿನ ಹಣದಂತೆ ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಹಾಕುವ ವಸ್ತು ಅದಲ್ಲ. ಹಾಡು ಬಾಗಿಲವರೆಗೆ ತಂದು ಬಿಡಬಹುದು. ಹೊಸ್ತಿಲು ದಾಟಬೇಕಾದವರು ಅವರವರೇ.

ಚರ್ಚಿನೊಳಗೆ ಬಂದ ಅಭಂಗ

ಅಂದಿನ ಮರಾಠಿ ಚರ್ಚುಗಳಲ್ಲಿ ಹೆಚ್ಚಾಗಿ ಕೇಳುತ್ತಿದ್ದುದು ಇಂಗ್ಲಿಷ್ ಸ್ತುತಿಗೀತೆಗಳ ಅನುವಾದ. ರಾಗ ವಿಲಾಯಿತಿ, ಪದ ಮರಾಠಿ. ಮರಾಠಿಯ ಗುರು-ಲಘುಗಳು ಆ ರಾಗಕ್ಕೆ ಹೊಂದದೆ ಪದಗಳು ಎಲ್ಲೆಲ್ಲೋ ಎಳೆದುಕೊಂಡು ಹೋಗುತ್ತಿದ್ದವು. ಹಳ್ಳಿಯ ಜನ ಬಾಯಿ ಬಿಡುತ್ತಿದ್ದರು, ಆದರೆ ಎದೆ ಬಿಚ್ಚುತ್ತಿರಲಿಲ್ಲ. ಇದನ್ನು ಸರಿಪಡಿಸಬೇಕೆಂದು ಹೊರಟವರಲ್ಲಿ ತಿಲಕರು ಮೊದಲಿಗರೇನಲ್ಲ. ಅವರಿಗೂ ಮೊದಲೇ ಅಹಮದ್‌ನಗರದ ಕೃಷ್ಣರಾವ್ ರತ್ನಾಜಿ ಸಾಂಗಳೆಯವರು ದೇಶೀ ಧಾಟಿಯಲ್ಲಿ ಹಾಡು ಕಟ್ಟಿ ಕ್ರೈಸ್ತ ಕೀರ್ತನಕ್ಕೆ ದಾರಿ ಮಾಡಿದ್ದರು. ಆ ದಾರಿಯನ್ನು ತಿಲಕರು ಹೆದ್ದಾರಿಯಾಗಿಸಿದರು.

ಮರಾಠಿ ಕ್ರೈಸ್ತರ ಹಾಡಿನ ಪುಸ್ತಕದಲ್ಲಿ ತಿಲಕರ ರಚನೆಗಳೇ ನೂರಕ್ಕೂ ಹೆಚ್ಚು. 'ಅಭಂಗಾಂಜಲಿ' ಎಂಬ ಅವರ ಸಂಗ್ರಹ ಹೆಸರೇ ಹೇಳುವಂತೆ ಅಭಂಗಗಳ ಬೊಗಸೆ. ಯೇಸುವಿನ ಚರಿತ್ರೆಯನ್ನು 'ಕ್ರಿಸ್ತಾಯನ' ಎಂಬ ಮಹಾಕಾವ್ಯವಾಗಿ ಬರೆಯಲು ಹೊರಟರು. ರಾಮಾಯಣದ ನೆನಪು ತರುವ ಹೆಸರನ್ನು ಅವರು ಸುಮ್ಮನೆ ಆರಿಸಿರಲಿಕ್ಕಿಲ್ಲ. ಹತ್ತು ಅಧ್ಯಾಯ ಮುಗಿದು ಹನ್ನೊಂದನೆಯದು ನಡೆಯುತ್ತಿದ್ದಾಗ ಕೆಲಸ ನಿಂತಿತು. ಅದನ್ನು ಮುಂದೆ ಪೂರ್ಣಗೊಳಿಸಿದವರು ಲಕ್ಷ್ಮೀಬಾಯಿ. ಮದುವೆಯಾಗಿ ಬಂದಾಗ ಅಕ್ಷರ ಬಾರದಿದ್ದ ಹೆಣ್ಣುಮಗಳು ಪಂಡಿತ ಗಂಡ ಬಿಟ್ಟುಹೋದ ಮಹಾಕಾವ್ಯವನ್ನು ಅರವತ್ತಕ್ಕೂ ಹೆಚ್ಚು ಅಧ್ಯಾಯ ಬರೆದು ಮುಗಿಸಿದರು!

ಕೀರ್ತನ ಹಳ್ಳಿಗೆ ಏಕೆ ಹಿಡಿಸಿತು ಎಂಬುದರಲ್ಲಿ ಗುಟ್ಟೇನೂ ಇಲ್ಲ. ಅದಕ್ಕೆ ಬೆಂಚು ಬೇಡ, ಕಟ್ಟಡ ಬೇಡ, ಅಕ್ಷರ ಬೇಡ. ಮರದ ಕೆಳಗೆ ಕಂಬಳಿ ಹಾಸಿದರೆ ಆಯಿತು. ಪಲ್ಲವಿಯನ್ನು ಎಲ್ಲರೂ ತಿರುಗಿ ಹಾಡುವುದರಿಂದ ಕೇಳುವವರೇ ಹಾಡುವವರಾಗುತ್ತಾರೆ. ಎದ್ದು ಮನೆಗೆ ಹೋಗುವಾಗ ಉಪದೇಶ ಮರೆತರೂ ಪಲ್ಲವಿ ನಾಲಗೆಯ ಮೇಲೆ ಉಳಿದಿರುತ್ತದೆ. ರಾಗಿ ಬೀಸುವಾಗ, ನೀರು ಸೇದುವಾಗ ಅದು ತಾನಾಗಿ ಬಾಯಿಗೆ ಬರುತ್ತದೆ. ನಮ್ಮ ದಾಸರು ಮಾಡಿದ್ದೂ ಇದನ್ನೇ ಅಲ್ಲವೇ?

ತಿಲಕರ ಮನೆಗೆ ಬಂದುಹೋಗುವವರಿಗೆ ಜಾತಿ-ಧರ್ಮದ ತಡೆ ಇರಲಿಲ್ಲ. ಮರಾಠಿಯ ಪ್ರಸಿದ್ಧ ಕವಿ ಬಾಲಕವಿ ತ್ರ್ಯಂಬಕ ಬಾಪೂಜಿ ಠೋಂಬರೆ ಹುಡುಗನಾಗಿದ್ದಾಗ ಈ ದಂಪತಿಯ ಮನೆಯಲ್ಲಿ ಮಗನಂತೆ ಇದ್ದರು. ಅವರು ಹಿಂದೂವಾಗಿಯೇ ಉಳಿದರು, ಪ್ರೀತಿಗೆ ಅದರಿಂದ ಕೊರತೆಯಾಗಲಿಲ್ಲ.

ಸಂಬಳ ಬಿಟ್ಟ ಕವಿ

ಹಾಡುವುದು ಸುಲಭ, ಹಾಡಿದಂತೆ ಬದುಕುವುದು ಕಷ್ಟ. ತಿಲಕರು ಎರಡು ದಶಕಕ್ಕೂ ಹೆಚ್ಚು ಕಾಲ ಅಮೆರಿಕನ್ ಮರಾಠಿ ಮಿಷನ್ನಿನಲ್ಲಿ ದುಡಿದರು. ಪಾಠ ಹೇಳಿದರು, 'ಜ್ಞಾನೋದಯ' ಪತ್ರಿಕೆಯ ಮರಾಠಿ ವಿಭಾಗ ನೋಡಿಕೊಂಡರು. ಆದರೆ ವಿದೇಶಿ ಹಣದ ಸಂಬಳ ತೆಗೆದುಕೊಂಡು ಹಾಡುವವನ ಮಾತನ್ನು ಈ ದೇಶದ ಜನ ಹೇಗೆ ನಂಬಬೇಕು ಎಂಬ ಮುಳ್ಳು ಅವರ ಎದೆಯಲ್ಲಿ ಚುಚ್ಚುತ್ತಲೇ ಇತ್ತು. ಸಾಧು-ಸಂತರು ಏನನ್ನೂ ಇಟ್ಟುಕೊಳ್ಳದೆ ಹಾಡಿದ ನಾಡಿದು.

1917ರಲ್ಲಿ ಅವರು ಮಿಷನ್ನಿನ ಕೆಲಸ ಬಿಟ್ಟರು. ವಯಸ್ಸು ಐವತ್ತೈದು ದಾಟಿತ್ತು. ಇಂದಿನ ಲೆಕ್ಕದಲ್ಲಿ ಪಿಂಚಣಿಯ ಕಾಗದ ಸರಿಮಾಡಿಕೊಳ್ಳುವ ವಯಸ್ಸು! ಅವರು ಸನ್ಯಾಸಿಯ ಬಾಳು ಹಿಡಿದು ಸಾತಾರಾದಲ್ಲಿ 'ದೇವಾಚಾ ದರ್ಬಾರ್' ಎಂಬ ಬಳಗ ಕಟ್ಟಿದರು. ದೀಕ್ಷಾಸ್ನಾನ ಪಡೆದವರಿಗೂ ಪಡೆಯದವರಿಗೂ ಅಲ್ಲಿ ಜಾಗವಿತ್ತು. ಕ್ರಿಸ್ತನನ್ನು ಗುರುವೆಂದು ಪ್ರೀತಿಸುವವರು ಯಾರೇ ಆದರೂ ಬರಬಹುದಿತ್ತು. ಇದು ಎಷ್ಟೋ ಕ್ರೈಸ್ತರಿಗೂ ಒಪ್ಪಿಗೆಯಾಗುವ ಮಾತಾಗಿರಲಿಲ್ಲ. ಕೆಲಸ ಬೇರೂರುವ ಮೊದಲೇ, 1919ರ ಮೇ 9ರಂದು ಮುಂಬೈಯಲ್ಲಿ ಅವರು ತೀರಿಕೊಂಡರು. ದರ್ಬಾರು ಹೆಚ್ಚು ಕಾಲ ನಡೆಯಲಿಲ್ಲ. ಹಾಡುಗಳು ನಡೆದವು.

ಅವರ ಬದುಕಿನಿಂದ ಪ್ರಭಾವಿತರಾದವರಲ್ಲಿ ಜೆ. ಸಿ. ವಿನ್‌ಸ್ಲೋ ಎಂಬ ಇಂಗ್ಲಿಷ್ ಪಾದ್ರಿಯೂ ಒಬ್ಬರು. ತಿಲಕರ ಹಾಡುಗಳನ್ನು ಇಂಗ್ಲಿಷಿಗೆ ತಂದವರು, 1923ರಲ್ಲಿ ಅವರ ಜೀವನ ಚರಿತ್ರೆಯನ್ನು ಪ್ರಕಟಿಸಿದವರು ಇವರು. ವಿನ್‌ಸ್ಲೋ 1922ರಲ್ಲಿ ಕ್ರಿಸ್ತ ಸೇವಾ ಸಂಘವನ್ನು ಆರಂಭಿಸಿದರು. ಅದು ಮುಂದೆ ಪುಣೆಯಲ್ಲಿ ಆಶ್ರಮವಾಗಿ ನೆಲೆಯೂರಿತು. ಖಾದಿ ಬಟ್ಟೆ, ನೆಲದ ಮೇಲಿನ ಊಟ, ದೇಶೀ ಹಾಡು ಆ ಆಶ್ರಮದ ರೀತಿ. ಶಿವಾಜಿನಗರದ ಕ್ರಿಸ್ತ ಪ್ರೇಮ ಸೇವಾ ಆಶ್ರಮಕ್ಕೆ ಹಿನ್ನೆಲೆಯಾಗಿರುವುದು ಇದೇ ಸಂಘ. ಹೀಗೆ ತಿಲಕರ ಹಾಡಿನ ಒಂದು ಎಳೆ ಪುಣೆಯೊಳಗೂ ಹಾದುಹೋಗಿದೆ.

ಕನ್ನಡದ ನಂಟು

ಇದೆಲ್ಲ ಮರಾಠಿಗರ ವಿಷಯ, ನಮಗೇನು ಎಂದು ಕೇಳುವವರಿರಬಹುದು. ನಂಟು ನಾವು ತಿಳಿದದ್ದಕ್ಕಿಂತ ಹೆಚ್ಚಿದೆ. ತಿಲಕರಿಗೂ ಮುಂಚೆ, 1883ರಲ್ಲಿ, ಇಂಗ್ಲೆಂಡಿನಲ್ಲಿ ಕ್ರೈಸ್ತ ದೀಕ್ಷೆ ಪಡೆದು ಪುಣೆಯನ್ನು ನಡುಗಿಸಿದ ಪಂಡಿತಾ ರಮಾಬಾಯಿ ಹುಟ್ಟಿದ್ದು ಕರ್ನಾಟಕದ ಗಂಗಾಮೂಲದಲ್ಲಿ, ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗರೆಯವರೊಂದಿಗೆ ಊರೂರು ಅಲೆಯುತ್ತಾ ಪುರಾಣ ಪಠಣ ಮಾಡಿ ಬದುಕಿದ ಹುಡುಗಿ ಅವರು. ವಿಧವೆಯರಿಗಾಗಿ ಅವರು ಮುಂಬೈಯಲ್ಲಿ ತೆರೆದ ಶಾರದಾ ಸದನ 1890ರಲ್ಲಿ ಪುಣೆಗೆ ಬಂತು. ಪುಣೆ-ದೌಂಡ್ ರೈಲು ಮಾರ್ಗದ ಕೇಡಗಾಂವದಲ್ಲಿ ಅವರು ಕಟ್ಟಿದ ಮುಕ್ತಿ ಮಿಷನ್ ಇಂದಿಗೂ ನಡೆಯುತ್ತಿದೆ.

ಇನ್ನು ಕನ್ನಡದೊಳಗೆ ಬಂದರೆ, ತಿಲಕರು ಹುಟ್ಟಿದ ಮರುವರ್ಷವೇ, 1862ರಲ್ಲಿ, ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ 'ಕಥಾಮಾಲೆ' ಪ್ರಕಟಿಸಿದರು. ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲಿ, ಹಾಡಿಕೊಳ್ಳಲು ಬರುವಂತೆ ಹೇಳಿದ ಕೃತಿ ಅದು. 1894ರ ಕನ್ನಡ-ಇಂಗ್ಲಿಷ್ ನಿಘಂಟಿನಿಂದ ಕಿಟ್ಟೆಲ್ ನಮಗೆಲ್ಲ ಪರಿಚಿತರು. ಆದರೆ ಜರ್ಮನಿಯಿಂದ ಬಂದ ಪಾದ್ರಿಯೊಬ್ಬರು ತಮ್ಮ ನಂಬಿಕೆಯನ್ನು ಹೇಳಲು ಷಟ್ಪದಿಯ ಬಾಗಿಲು ತಟ್ಟಿದ್ದು ನಿಘಂಟಿಗಿಂತ ಬಹಳ ಮೊದಲು. ಧಾರವಾಡ, ಹುಬ್ಬಳ್ಳಿ, ಗದಗ-ಬೆಟಗೇರಿ ಕಡೆಯಿಂದ ಪುಣೆಗೆ ಬಂದು ನೆಲೆಸಿದ ಕ್ರೈಸ್ತ ಮನೆಗಳಿಗೆ ಇದು ತವರಿನ ಆಸ್ತಿ.

ಪುರಂದರದಾಸರನ್ನು ನೆನೆಯದೆ ಈ ಮಾತು ಮುಗಿಯದು. ಅವರು ಪುಣೆಯ ಬಳಿಯ ಪುರಂದರಗಡದವರೆಂಬ ನಂಬಿಕೆ ಹಿಂದಿನಿಂದಲೂ ಇದೆ, ಮಲೆನಾಡಿನ ಆರಗದ ಕಡೆಯವರೆಂಬ ವಾದವೂ ಇದೆ. ವಾದ ಏನೇ ಇರಲಿ, ಕಥೆ ಎಲ್ಲರಿಗೂ ಗೊತ್ತು. ಚಿನಿವಾರ ವ್ಯಾಪಾರಿ, ಹೆಂಡತಿಯ ಮೂಗುತಿಯ ಪ್ರಸಂಗ, ಸಂಪತ್ತೆಲ್ಲ ಬಿಟ್ಟು ತಂಬೂರಿ ಹಿಡಿದದ್ದು. ದಾಸರ ಮನೆಯಲ್ಲಿ ದಾರಿ ತೋರಿದವರು ಹೆಂಡತಿ. ತಿಲಕರ ಮನೆಯಲ್ಲಿ ಗಂಡ ಮುಂದೆ ನಡೆದರು, ಹೆಂಡತಿ ತಮ್ಮದೇ ದಾರಿಯಲ್ಲಿ ಬಂದು ಕೂಡಿಕೊಂಡರು. ಎರಡು ಕಡೆಯೂ ಹಾಡಿಗೆ ಬೆಲೆ ಬಂದದ್ದು ಹಾಡುವವರು ಏನನ್ನೋ ಬಿಟ್ಟದ್ದರಿಂದ.

ನಮ್ಮ ಕಾಲದ ಉದಾಹರಣೆ ಬೇಕಾದರೆ ಕೆ. ಜೆ. ಯೇಸುದಾಸ್ ಇದ್ದಾರೆ. ಫೋರ್ಟ್ ಕೊಚ್ಚಿಯ ಕ್ರೈಸ್ತ ಮನೆಯಲ್ಲಿ 1940ರಲ್ಲಿ ಹುಟ್ಟಿ, ಚೆಂಬೈ ವೈದ್ಯನಾಥ ಭಾಗವತರ ಶಿಷ್ಯರಾದವರು. ಹಲವು ದಶಕಗಳ ಕಾಲ ಜನವರಿ 10ರ ತಮ್ಮ ಹುಟ್ಟುಹಬ್ಬಕ್ಕೆ ಕೊಲ್ಲೂರು ಮೂಕಾಂಬಿಕೆಯ ಸನ್ನಿಧಿಗೆ ಬಂದು ಹಾಡುತ್ತಿದ್ದರು. ಅವರ ಕಂಠ ಕೇಳಿ ಕಣ್ಣು ಮುಚ್ಚಿ ಕುಳಿತ ಯಾವ ಭಕ್ತನೂ ಹಾಡುವವರ ಜಾತಕ ಕೇಳಿದ್ದಿಲ್ಲ. ತಿಲಕರು ನಡೆದ ದಿಕ್ಕು ಬೇರೆ, ಯೇಸುದಾಸರು ನಡೆದ ದಿಕ್ಕು ಬೇರೆ. ಸ್ವರ ಎರಡು ಕಡೆಗೂ ಸೇತುವೆಯಾಯಿತು.

ತಾಯ್ನುಡಿಯಲ್ಲಿ ಒಂದು ಪ್ರಾರ್ಥನೆ

ಹೊರನಾಡಿನಲ್ಲಿ ಬದುಕುವ ನಮ್ಮ ಮನೆಗಳಲ್ಲಿ ಈಗ ಒಂದು ಮೌನ ಬೆಳೆಯುತ್ತಿದೆ. ಅಜ್ಜಿ ಹೇಳುತ್ತಿದ್ದ ದೇವರನಾಮ ಅಜ್ಜಿಯೊಂದಿಗೆ ಹೋಯಿತು. ಮಕ್ಕಳಿಗೆ ಶಾಲೆಯ ಇಂಗ್ಲಿಷ್ ಗೊತ್ತು, ಗಲ್ಲಿಯ ಮರಾಠಿ ಗೊತ್ತು, ಹಿಂದಿ ಸಿನಿಮಾ ಹಾಡು ಗೊತ್ತು. ಸಂಜೆ ದೀಪ ಹಚ್ಚಿದಾಗ, ಭಾನುವಾರ ಚರ್ಚಿಗೆ ಹೋದಾಗ, ಬಸವಣ್ಣನ ಪಟದ ಮುಂದೆ ನಿಂತಾಗ ಯಾವ ಭಾಷೆಯಲ್ಲಿ ಬೇಡಿಕೊಳ್ಳಬೇಕು ಎಂಬುದು ಗೊತ್ತಿಲ್ಲ. ಕ್ಯಾಸೆಟ್ಟು ಹೋಗಿ ಸಿ.ಡಿ. ಬಂತು, ಸಿ.ಡಿ. ಹೋಗಿ ಮೊಬೈಲ್ ಬಂತು. ಹಾಡು ಮನೆಯಲ್ಲಿ ಸದಾ ಕೇಳುತ್ತದೆ. ಆದರೆ ಹಾಡುವ ಬಾಯಿ ಕಡಿಮೆಯಾಗಿದೆ.

ತಿಲಕರ ಹಟವನ್ನು ಇಲ್ಲಿ ನೆನೆಯಬೇಕು. ದೇವರ ಹತ್ತಿರ ಹೋಗುವಾಗ ತಾಯಿಯ ನುಡಿ, ತಾಯಿ ಹಾಡಿದ ಧಾಟಿ ಬಿಟ್ಟು ಹೋಗಬೇಕಿಲ್ಲ ಎಂದು ಅವರು ನಂಬಿದ್ದರು. ಹನ್ನೊಂದರ ವಯಸ್ಸಿನಲ್ಲಿ ಕಳೆದುಕೊಂಡ ಜಾನಕಿಬಾಯಿಯ ದನಿ ಅವರ ಕೊನೆಯ ಅಭಂಗದವರೆಗೂ ಜೊತೆಗಿತ್ತು ಎಂದರೆ ತಪ್ಪಾಗದು. ಹೊಸದನ್ನು ಒಪ್ಪಿಕೊಂಡವರೂ ಹಳೆಯದರ ಋಣ ತೀರಿಸಬಹುದು ಎಂಬುದಕ್ಕೆ ಅವರೇ ಸಾಕ್ಷಿ. ಬೇರೆ ಊರು, ಬೇರೆ ಭಾಷೆಯನ್ನು ಒಪ್ಪಿಕೊಂಡು ಬದುಕುತ್ತಿರುವ ನಮಗೆ ಈ ಮಾತು ನೇರವಾಗಿ ತಾಗುತ್ತದೆ.

ಅವರ ನಂಬಿಕೆಯನ್ನು ಎಲ್ಲರೂ ಒಪ್ಪಬೇಕೆಂದಿಲ್ಲ. ಲಕ್ಷ್ಮೀಬಾಯಿಯವರೇ ಐದು ವರ್ಷ ಒಪ್ಪಲಿಲ್ಲ! ಆದರೆ ಅವರಿಬ್ಬರ ಬದುಕು ಓದಿದ ಹಿಂದೂ ತನ್ನ ದೇವರನ್ನು, ಕ್ರೈಸ್ತ ತನ್ನ ದೇವರನ್ನು ಇನ್ನೊಮ್ಮೆ ಪ್ರಾಮಾಣಿಕವಾಗಿ ನೋಡುವಂತಾದರೆ ಅದು ಸಣ್ಣ ಲಾಭವಲ್ಲ. ಹಿರಿಯರಿಂದ ಬಂದದ್ದು ಎಂಬ ಕಾರಣಕ್ಕ್ಷ್ಟೇ ಇಟ್ಟುಕೊಂಡ ನಂಬಿಕೆ ಕಷ್ಟ ಬಂದ ದಿನ ಕೈಕೊಡುತ್ತದೆ. ತಾನೇ ಪ್ರಶ್ನಿಸಿ, ತಾನೇ ಉತ್ತರ ಕಂಡುಕೊಂಡ ನಂಬಿಕೆ ಸಂಬಳ ನಿಂತರೂ ನಿಲ್ಲುತ್ತದೆ, ಬಂಧುಗಳು ಬಿಟ್ಟರೂ ನಿಲ್ಲುತ್ತದೆ.

ಮುಂದಿನ ಸಲ ಸದಾಶಿವ ಪೇಠೆಯ ಕಡೆ ಹೋದವರು ಸಂಜೆ ಕೀರ್ತನವಿದ್ದರೆ ಸ್ವಲ್ಪ ಹೊತ್ತು ಕೂತು ಕೇಳಲಿ. ಮರಾಠಿ ಓದಬಲ್ಲವರು ಅಲ್ಲೇ ಹತ್ತಿರದ ಅಪ್ಪಾ ಬಳವಂತ ಚೌಕದ ಪುಸ್ತಕದಂಗಡಿಗಳಲ್ಲಿ 'ಸ್ಮೃತಿಚಿತ್ರೆ' ಕೇಳಿ ನೋಡಲಿ. ಪರಿಚಯದ ಮರಾಠಿ ಕ್ರೈಸ್ತರಿದ್ದರೆ ಅವರ ಬಾಯಲ್ಲಿ ತಿಲಕರ ಒಂದು ಹಾಡು ಕೇಳಲಿ. ಆಮೇಲೆ ಮನೆಗೆ ಬಂದು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಜ್ಜಿಯ ಹಾಡೊಂದನ್ನು, ನೆನಪಿರುವಷ್ಟನ್ನೇ, ಹಾಡಲಿ. ರಾಗ ತಪ್ಪಿದರೆ ತಪ್ಪಲಿ. ಮಕ್ಕಳ ಕಿವಿಯಲ್ಲಿ ಉಳಿಯುವುದು ಮನೆಯವರ ದನಿ.